ಕೆಳಗೆ ಬಂದ ಪ್ರಶ್ನೆಪತ್ರಿಕೆ

ಮಾಲವಿಕಾ ಪ್ರಿಂಟ್ ಒತ್ತಿದಳು. ಮೇಜಿನ ಮೇಲಿನ ಪ್ರಿಂಟರು ಸುಮ್ಮನೆ ಕೂತಿತ್ತು. ರಜೆಯಲ್ಲಿ ಧೂಳು ಹಿಡಿದಿರಬೇಕು ಅಂದುಕೊಂಡು ಸೆರಗಿನ ತುದಿಯಿಂದ ಒರೆಸಿ ಮತ್ತೊಮ್ಮೆ ಒತ್ತಿದಳು. ಆಗಲೂ ಅದು ಮಿಸುಕಲಿಲ್ಲ.

ಸಂಕ್ರಾಂತಿ ರಜೆ ಮುಗಿದು ಕಾಲೇಜು ಶುರುವಾದ ಮೊದಲ ದಿನ ಅದು. ಆ ವಾರದಲ್ಲೇ ಎರಡನೇ ಪಿಯುಸಿಯ ಪೂರ್ವಸಿದ್ಧತಾ ಪರೀಕ್ಷೆ. ಮಾಲವಿಕಾ ಪಾಠ ಹೇಳುತ್ತಿದ್ದದ್ದು ಕನ್ನಡ; ಆದರೆ ಪರೀಕ್ಷೆಯ ಉಸ್ತುವಾರಿ ಅವಳ ಹೆಗಲಿಗೆ ಬಿದ್ದು ವರ್ಷಗಳೇ ಆಗಿದ್ದವು. ಎಲ್ಲ ಮೇಷ್ಟ್ರುಗಳೂ ತಮ್ಮ ತಮ್ಮ ಪ್ರಶ್ನೆಪತ್ರಿಕೆಯನ್ನು ಅವಳ ಕೈಗೆ ಕೊಡುತ್ತಿದ್ದರು. ಎರಡನೇ ಮಹಡಿಯ ಮೂಲೆಯ ಪರೀಕ್ಷಾ ಕೊಠಡಿಯಲ್ಲಿ ಬಾಗಿಲು ಹಾಕಿಕೊಂಡು ಅವಳೇ ಅದನ್ನು ಮುದ್ರಿಸಿ, ಲಕೋಟೆಗೆ ಹಾಕಿ, ಅರಗು ಒತ್ತಿ ಬೀರುವಿನಲ್ಲಿಡುತ್ತಿದ್ದಳು. ಕಂಪ್ಯೂಟರು, ಪ್ರಿಂಟರು ಎರಡೂ ಒಂದೇ ಮೇಜಿನ ಮೇಲೆ, ನಡುವೆ ಮೊಳದುದ್ದದ ವೈರು. ಪ್ರಶ್ನೆಪತ್ರಿಕೆ ಆ ಮೇಜನ್ನು ಬಿಟ್ಟು ಆಚೆ ಹೋದದ್ದೇ ಇಲ್ಲ.

ಅವಳು ಬಗ್ಗಿ ಪ್ರಿಂಟರಿನ ಹಿಂದೆ ಕೈಹಾಕಿ ನೋಡಿದಳು. ವೈರೇ ಇರಲಿಲ್ಲ. ಅದರ ಬದಲು ಗೋಡೆಯ ಒಂದು ಹೊಸ ತೂತಿನಿಂದ ನೀಲಿ ಬಣ್ಣದ ಕೇಬಲ್ಲೊಂದು ಇಳಿದು ಬಂದು ನೇರ ಕಂಪ್ಯೂಟರಿನ ಬೆನ್ನಿಗೆ ಸೇರಿತ್ತು.

ಕಂಪ್ಯೂಟರ್ ಲ್ಯಾಬಿನ ಅಮರೇಶ್‌ಗೆ ಫೋನ್ ಮಾಡಿದಳು.

"ಅದಾ ಮೇಡಂ? ರಜೇಲಿ ಎಲ್ಲಾ ರೂಮಿಗೂ ನೆಟ್‌ವರ್ಕ್ ಕೇಬಲ್ ಎಳೆದ್ಬುಟ್ವಿ. ಇನ್ಮೇಲೆ ಯಾರು ಪ್ರಿಂಟ್ ಕೊಟ್ರೂ ಕೆಳಗಡೆ ಆಫೀಸಿನ ದೊಡ್ಡ ಮೆಷಿನ್‌ಗೇ ಬರುತ್ತೆ. ಸೆಕ್ರೆಟರಿ ಸಾಹೇಬ್ರು ಹೇಳಿದ್ದು. ನಿಮಗೆ ಯಾರೂ ಹೇಳ್ಲಿಲ್ವಾ?"

ಮಾಲವಿಕಾ ಫೋನನ್ನು ಮೇಜಿನ ಮೇಲೆಯೇ ಬಿಟ್ಟು, ಬಾಗಿಲಿಗೆ ಬೀಗ ಕೂಡ ಹಾಕದೆ, ಮೆಟ್ಟಿಲಿಳಿದು ಓಡಿದಳು.

ಕೆಳಗಿನ ಆಫೀಸಿನಲ್ಲಿ ಅವತ್ತು ಪ್ರವೇಶಪತ್ರ ಹಂಚುತ್ತಿದ್ದರು. ಕೌಂಟರಿನ ಮುಂದೆ ಹುಡುಗರು, ಹುಡುಗಿಯರು, ಅಪ್ಪಂದಿರು, ಅಮ್ಮಂದಿರು ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ನಿಂತಿದ್ದರು. ಆ ದೊಡ್ಡ ಮೆಷಿನ್ ಇದ್ದದ್ದು ಕೌಂಟರಿನ ತುದಿಯಲ್ಲಿ. ಯಾರು ಬೇಕಾದರೂ ಕೈಚಾಚಿದರೆ ಅದರಿಂದ ಹೊರಬಂದ ಹಾಳೆ ಸಿಗುವ ಹಾಗೆ. ಮಾಲವಿಕಾ ಜನರನ್ನು ತಳ್ಳಿಕೊಂಡು ಹೋಗಿ ಹಾಳೆಗಳನ್ನು ಬಾಚಿಕೊಂಡಳು. ಗಣಿತದ ಪ್ರಶ್ನೆಪತ್ರಿಕೆ. ಅವಳು ಒತ್ತಿದ್ದು ಎರಡು ಸಲ. ಅಲ್ಲಿದ್ದದ್ದು ಒಂದೇ ಪ್ರತಿ.

"ಭಾನುಪ್ರಿಯಾ, ಇನ್ನೊಂದು ಎಲ್ಲಿ?"

ಕೌಂಟರಿನಲ್ಲಿದ್ದ ಗುಮಾಸ್ತೆ ಭಾನುಪ್ರಿಯಾ ತಲೆ ಎತ್ತಿ, "ಯಾವ್ದು ಮೇಡಂ? ನಾನು ಆ ಕಡೆ ತಿರುಗೇ ಇಲ್ಲ. ನೋಡಿ ಇಲ್ಲಿ ಎಷ್ಟು ರಶ್ಶು," ಅಂದಳು. ಅವಳ ಮುಖ ನೋಡಿದರೆ ಸುಳ್ಳು ಹೇಳುತ್ತಿರುವಂತೆ ಕಾಣಲಿಲ್ಲ. ಮಾಲವಿಕಾ ಮೇಜಿನ ಕೆಳಗೆ ನೋಡಿದಳು, ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದು ಹುಡುಕಿದಳು. ಇರಲಿಲ್ಲ.

ಅಲ್ಲಿಂದ ನೇರ ಪ್ರಾಂಶುಪಾಲರ ಕೋಣೆಗೆ ಹೋದಳು. ಪ್ರಾಂಶುಪಾಲ ವಾಗೀಶ ಅವಳಿಗೆ ಹೊಸಬನಲ್ಲ. ಇಬ್ಬರೂ ಒಂದೇ ವರ್ಷ ಆ ಕಾಲೇಜಿಗೆ ಸೇರಿದವರು. ಕ್ಯಾಂಟೀನಿನಲ್ಲಿ ಒಂದೇ ಮೇಜಿನಲ್ಲಿ ಕೂತು ಡಬ್ಬಿ ಬಿಚ್ಚಿದವರು. ಅವಳು ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದಳು.

"ಪತ್ರಿಕೆ ಬದಲಾಯಿಸಬೇಕು ವಾಗೀಶ್. ಬೇರೆ ದಾರಿ ಇಲ್ಲ."

ವಾಗೀಶ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಯಾರೋ ಕಸ ಅಂತ ಎಸೆದಿರ್ತಾರೆ ಕಣ್ರೀ. ಗಣಿತದ ಮೇಷ್ಟ್ರು ಮದುವೆ ಅಂತ ಊರಲ್ಲಿಲ್ಲ. ಈಗ ಹೊಸ ಪತ್ರಿಕೆ ಎಲ್ಲಿಂದ ತರೋಣ? ಅದೂ ಅಲ್ದೆ, ಕೇಬಲ್ ಹಾಕ್ಸಿದ್ದು ಯಾರು ಹೇಳಿ? ಸೆಕ್ರೆಟರಿ. ಈಗ ಹೋಗಿ ನಿಮ್ಮಿಂದ ಹಿಂಗಾಯ್ತು ಅಂದ್ರೆ ಸುಮ್ನಿರ್ತಾರಾ?"

"ಅವರು ಸುಮ್ನಿರ್ತಾರೋ ಇಲ್ವೋ ಅನ್ನೋದಲ್ಲ ಪ್ರಶ್ನೆ. ಒಂದು ಪ್ರತಿ ಹೊರಗೆ ಹೋಗಿದೆ."

"ಹೋಗಿಲ್ಲ ಬಿಡಿ. ನಾನಿದೀನಲ್ಲ."

ನಾನಿದೀನಲ್ಲ ಅಂದವನ ಮಾತು ನಂಬಿ ಅವಳು ಎದ್ದು ಬಂದಳು. ಆಮೇಲೆ ಎಷ್ಟೋ ದಿನ ಅವಳನ್ನು ಸುಟ್ಟದ್ದು ಆ ಎದ್ದು ಬಂದದ್ದೇ.

ಉಳಿದ ಪ್ರತಿಗಳನ್ನು ಅವಳು ಸಂಜೆ ಆಫೀಸು ಖಾಲಿಯಾದ ಮೇಲೆ ಕೆಳಗಿನ ಮೆಷಿನ್ನಿನಲ್ಲೇ ತೆಗೆದುಕೊಂಡಳು. ಗಣಿತ ಪರೀಕ್ಷೆಯ ಬೆಳಿಗ್ಗೆ ಪ್ರಶ್ನೆಪತ್ರಿಕೆ ಹುಡುಗರ ಫೋನುಗಳಲ್ಲಿತ್ತು. ಮಡಿಸಿದ ಗೆರೆ, ಮೂಲೆಯಲ್ಲಿ ಯಾರದೋ ಹೆಬ್ಬೆರಳು, ಎಲ್ಲವೂ ಚೆನ್ನಾಗಿ ಕಾಣುವ ಫೋಟೋ. ಪರೀಕ್ಷೆ ಮುಗಿಯುವ ಹೊತ್ತಿಗೆ ಪೋಷಕರ ಗುಂಪಿನಲ್ಲೂ ಅದು ಓಡಾಡಿತು. ಮಧ್ಯಾಹ್ನದ ವೇಳೆಗೆ ಅದರ ಕೆಳಗೆ ಯಾರೋ ಒಂದು ಸಾಲು ಸೇರಿಸಿದ್ದರು: ಪರೀಕ್ಷೆ ನೋಡಿಕೊಳ್ಳುವ ಮೇಡಂ ತಂಗಿಯ ಮಗಳು ಇದೇ ಕಾಲೇಜಿನಲ್ಲಿ ಓದುತ್ತಿದ್ದಾಳೆ, ಗೊತ್ತಾ?

ಆ ತಂಗಿಯ ಮಗಳು ಅನನ್ಯ. ಅವಳ ಅಪ್ಪ ಅಮ್ಮ ಇಲವಾಲದ ಹತ್ತಿರದ ಹೊಸ ಬಡಾವಣೆಯಲ್ಲಿದ್ದರು. ಅಲ್ಲಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವುದು ಕಷ್ಟವೆಂದು ಹುಡುಗಿ ಒಂಟಿಕೊಪ್ಪಲಿನ ದೊಡ್ಡಮ್ಮನ ಮನೆಯಲ್ಲೇ ಇದ್ದು ಓದುತ್ತಿದ್ದಳು. ಗಣಿತ ಅಂದರೆ ಅವಳಿಗೆ ಊಟಕ್ಕಿಂತ ಹೆಚ್ಚು. ಅವಳನ್ನು ಕಾಲೇಜಿಗೆ ಸೇರಿಸಿದಾಗಲೇ ಮಾಲವಿಕಾ ವಾಗೀಶನ ಹತ್ತಿರ ಹೋಗಿ, "ನನ್ನ ತಂಗಿ ಮಗಳು ಸೇರ್ಕೊಂಡಿದಾಳೆ, ಉಸ್ತುವಾರಿ ಬೇರೆಯವರಿಗೆ ಕೊಡಿ," ಅಂದಿದ್ದಳು. "ನಿಮ್ಮನ್ನ ನಂಬದೆ ಇನ್ಯಾರನ್ನ ನಂಬ್ಲಿ?" ಅಂದು ಕೊಡದೇ ಇದ್ದವನು ಅವನೇ.

ಅವತ್ತು ಸಂಜೆ ಅನನ್ಯ ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಜಗುಲಿಯಲ್ಲೇ ಕೂತಳು.

"ಊಟಕ್ಕೇಳು," ಅಂದಳು ಮಾಲವಿಕಾ.

"ಬೇಡ."

"ಏನಾಯ್ತು?"

"ಸಿಂಚನ ನನ್ನ ಪಕ್ಕದಿಂದ ಎದ್ದು ಹೋದ್ಲು ದೊಡ್ಡಮ್ಮ. ಅವರಮ್ಮ ಹೇಳಿದಾರಂತೆ, ಅವಳ ಜೊತೆ ಕೂರ್ಬೇಡ ಅಂತ. ಹಿಂದಿನ ಬೆಂಚಿನ ಹುಡುಗ್ರು, ನಮಗೂ ಒಂದು ದೊಡ್ಡಮ್ಮ ಇದ್ದಿದ್ರೆ ಅಂತ ಹಾಡು ಕಟ್ಕೊಂಡು ಹೇಳ್ತಿದಾರೆ." ಹುಡುಗಿ ಅಳುತ್ತಿರಲಿಲ್ಲ. ಚಪ್ಪಲಿಯ ಪಟ್ಟಿಯನ್ನು ಬಿಚ್ಚುತ್ತ, ಹಾಕುತ್ತ, ಮತ್ತೆ ಬಿಚ್ಚುತ್ತ ಕೂತಿದ್ದಳು. "ನಾನು ಆ ಪೇಪರ್ ನೋಡೇ ಇಲ್ಲ ಅಂತ ಎಷ್ಟು ಜನಕ್ಕೆ ಹೇಳ್ಲಿ?"

ಮಾಲವಿಕಾ ಊಟದ ತಟ್ಟೆಯನ್ನು ಅಲ್ಲಿಗೇ ತಂದು ಹುಡುಗಿಯ ಮುಂದೆ ಕೂತಳು. ತನ್ನ ಮೇಲೆ ಯಾರು ಏನಂದಿದ್ದರೂ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ. ಓದಿ ಓದಿ ಕಣ್ಣ ಕೆಳಗೆ ಕಪ್ಪು ಕಟ್ಟಿಸಿಕೊಂಡ ಈ ಹುಡುಗಿಯನ್ನು ಕಳ್ಳಿ ಮಾಡಿದ್ದನ್ನು ನುಂಗುವುದು ಆಗದ ಮಾತಾಗಿತ್ತು.

ಮರುದಿನ ಬೆಳಿಗ್ಗೆ ಕಾರ್ಯದರ್ಶಿ ವೃಷಭೇಂದ್ರಪ್ಪನವರಿಂದ ಕರೆ ಬಂತು. ಟ್ರಸ್ಟಿನ ವ್ಯವಹಾರವೆಲ್ಲ ಅವರ ಕೈಯಲ್ಲಿ. ಅವರ ಕೋಣೆ ಆಫೀಸಿಗೆ ಅಂಟಿಕೊಂಡಂತೆಯೇ ಇತ್ತು. ನಡುವೆ ಒಂದು ಗಾಜಿನ ಬಾಗಿಲು ಅಷ್ಟೆ. ಆಫೀಸಿನ ತುಂಬ ಪೋಷಕರು ಸೇರಿಬಿಟ್ಟಿದ್ದರು. ಮಾಲವಿಕಾ ಅವರ ನಡುವೆ ನಡೆದು ಹೋಗುವಾಗ ಯಾರೋ ಒಬ್ಬಾಕೆ ಪಕ್ಕದವಳನ್ನು ಮೊಣಕೈಯಿಂದ ತಿವಿದಳು.

ಒಳಗೆ ವೃಷಭೇಂದ್ರಪ್ಪ, ಪಕ್ಕದಲ್ಲಿ ವಾಗೀಶ, ಗೋಡೆಗೊರಗಿ ಅಮರೇಶ್.

"ಕೂತ್ಕೊಳ್ಳಿ ಮೇಡಂ," ಅಂದರು ವೃಷಭೇಂದ್ರಪ್ಪ. ದನಿ ಬೆಣ್ಣೆಯ ಹಾಗಿತ್ತು. "ನೀವು ಬೇಕೂಂತ ಮಾಡಿಲ್ಲ ಅಂತ ನಂಗೊತ್ತು. ವಯಸ್ಸಾಗ್ತಾ ಕೈ ತಪ್ಪುತ್ತೆ. ನೀವು ಕನ್ನಡದವರು, ಈ ಕಂಪ್ಯೂಟರ್ ಎಲ್ಲ ನಿಮಗೆ ಅಷ್ಟಾಗಿ ಬರಲ್ಲ. ಎಲ್ಲೋ ಏನೋ ಒತ್ಬುಟ್ಟಿದೀರಿ, ಎಲ್ಲೋ ಹಾಳೆ ಬಿಟ್ಬುಟ್ಟಿದೀರಿ. ನನ್ನ ಅಜಾಗರೂಕತೆಯಿಂದ ಆಯ್ತು, ಕ್ಷಮಿಸಿ ಅಂತ ನಾಲ್ಕು ಸಾಲು ಬರೆದು ಕೊಡಿ. ಹೊರಗಿರೋರಿಗೆ ತೋರಿಸಿ ಕಳಿಸ್ತೀನಿ. ಮುಗೀತು."

"ನಾನು ಎಲ್ಲೂ ಹಾಳೆ ಬಿಡಲಿಲ್ಲ ಸರ್. ನೀವು ರಜೇಲಿ ನನ್ನ ಪ್ರಿಂಟರಿನ ವೈರು ತೆಗೆಸಿ, ನನಗೊಂದು ಮಾತೂ ಹೇಳದೆ ಕಂಪ್ಯೂಟರನ್ನ ಕೆಳಗಿನ ಮೆಷಿನ್ನಿಗೆ ಸೇರಿಸಿದ್ರಿ. ಪತ್ರಿಕೆ ಕೌಂಟರಿನ ಮುಂದೆ ಬಂತು. ಅದನ್ನ ಅವತ್ತೇ ಪ್ರಿನ್ಸಿಪಾಲರಿಗೆ ಹೇಳಿದೀನಿ. ಕೇಳಿ ಅವರನ್ನೇ."

ವೃಷಭೇಂದ್ರಪ್ಪ ವಾಗೀಶನ ಕಡೆ ತಿರುಗಿದರು. ವಾಗೀಶ ಕನ್ನಡಕ ತೆಗೆದು ಕರ್ಚೀಫಿನಿಂದ ಒರೆಸತೊಡಗಿದ. ಒಂದು ಗಾಜು, ಆಮೇಲೆ ಇನ್ನೊಂದು ಗಾಜು. "ಮಾಲವಿಕಾ ಅವರು ಬಂದಿದ್ರು… ಏನೋ ಹೇಳಿದ್ರು… ಪತ್ರಿಕೆ ಹೊರಗೆ ಹೋಗಿದೆ ಅಂತ ನಿರ್ದಿಷ್ಟವಾಗಿ ಹೇಳಿದ ನೆನಪಿಲ್ಲ ಸರ್."

ಮಾಲವಿಕಾ ಅವನನ್ನೇ ದಿಟ್ಟಿಸಿದಳು. ಅವನು ಮೂರನೇ ಸಲ ಅದೇ ಗಾಜನ್ನು ಒರೆಸುತ್ತಿದ್ದ.

"ಏನೋ ಹೇಳಿದ್ರಾ?" ಅಂದಳು.

"ಮೇಡಂ, ವೈರು ತೆಗೆದಿಲ್ಲ ಅಂತಾರೆ ಇವರು," ಅಂದರು ವೃಷಭೇಂದ್ರಪ್ಪ. "ಏನಪ್ಪಾ ಅಮರೇಶ್?"

ಅಮರೇಶ್ ನೆಲ ನೋಡಿಕೊಂಡು, "ಮೇಡಂ ಪ್ರಿಂಟರ್‌ಗೆ ವೈರ್ ಐತೆ ಸರ್," ಅಂದ. "ಬೇಕಾದ್ರೆ ಹೋಗಿ ನೋಡ್ಬೋದು."

"ಕೇಳಿದ್ರಲ್ಲ. ಹೋಗಿ ಬರ್ಕೊಂಡು ಬನ್ನಿ. ನಿಮ್ಮ ತಂಗಿ ಮಗಳ ವಿಷಯನೂ ನಾನು ಸುಮ್ನಿರಿಸ್ತೀನಿ. ಇಲ್ದಿದ್ರೆ ಆ ಮಗೀನ ಗಣಿತದ ಅಂಕ ತಡೆಹಿಡೀಬೇಕಾಗುತ್ತೆ, ಪೋಷಕರು ಒಪ್ಪಲ್ಲ."

ಮಾಲವಿಕಾ ಎದ್ದಳು. ಮೆಟ್ಟಿಲು ಹತ್ತಿದಳು.

ಪರೀಕ್ಷಾ ಕೊಠಡಿಯ ಬೀಗ ತೆಗೆದು ಒಳಗೆ ಹೋಗಿ ಮೇಜಿನ ಹಿಂದೆ ಬಗ್ಗಿದಳು. ಪ್ರಿಂಟರಿನಿಂದ ಕಂಪ್ಯೂಟರಿಗೆ ಒಂದು ವೈರು ಇತ್ತು. ಹೊಸದು. ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಪೊಟ್ಟಣದಲ್ಲಿ ಕಟ್ಟಿಟ್ಟ ತೆಳು ತಂತಿ ಕೂಡ ಒಂದು ತುದಿಗೆ ಸುತ್ತಿಕೊಂಡೇ ಇತ್ತು. ಈ ಕೊಠಡಿಯ ಇನ್ನೊಂದು ಬೀಗದ ಕೈ ಇದ್ದದ್ದು ಪ್ರಾಂಶುಪಾಲರ ಹತ್ತಿರ ಮಾತ್ರ. ನೆನ್ನೆ ಸಂಜೆ ಅವಳು ಮನೆಯಲ್ಲಿ ಅನನ್ಯಳ ಮುಂದೆ ತಟ್ಟೆ ಹಿಡಿದುಕೊಂಡು ಕೂತಿದ್ದಾಗ, ಇವರು ಬಾಗಿಲು ತೆಗೆಸಿ ಬಂದು ವೈರು ಹಾಕಿ ಹೋಗಿದ್ದರು.

ಅವಳು ಆ ವೈರನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಕಿತ್ತು ತೆಗೆದುಕೊಂಡು ಹೋಗಿ ವಾಗೀಶನ ಮೇಜಿನ ಮೇಲೆ ಎಸೆಯಬೇಕು ಅನ್ನಿಸಿತು. ಅವನ ಕನ್ನಡಕದ ಮೇಲೆಯೇ ಎಸೆಯಬೇಕು ಅನ್ನಿಸಿತು. ಕಿತ್ತರೆ ತನ್ನ ಮಾತಿಗೆ ಇದ್ದ ಒಂದೇ ಸಾಕ್ಷಿಯೂ ಹೋಗುತ್ತದೆ ಅನ್ನುವಷ್ಟು ಬುದ್ಧಿ ಇನ್ನೂ ಉಳಿದಿತ್ತು. ಕೈ ಬಿಟ್ಟಳು. ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತಳು.

ಕ್ಷಮಾಪಣೆ ಬರೆಯಲು ಕೂತದ್ದಲ್ಲ. ರಾಜೀನಾಮೆ ಬರೆದು ಮುಖದ ಮೇಲೆ ಎಸೆದು ಹೋಗೋಣ ಅಂದುಕೊಂಡಿದ್ದಳು. 'ಗೆ, ಕಾರ್ಯದರ್ಶಿಗಳು' ಅಂತ ಬರೆಯುವಷ್ಟರಲ್ಲಿ ಬೆರಳು ನಿಂತಿತು. ತಾನು ಬಿಟ್ಟು ಹೋದರೆ ತಪ್ಪು ಒಪ್ಪಿಕೊಂಡು ಓಡಿದಳು ಅನ್ನುತ್ತಾರೆ. ಅನನ್ಯ ಆ ತರಗತಿಯಲ್ಲಿ ಪರೀಕ್ಷೆ ಮುಗಿಯುವವರೆಗೂ ಒಬ್ಬಳೇ ಕೂರಬೇಕು. ಅಳಿಸಲು ಹೋದಳು. ಸಿಟ್ಟಿನ ಭರದಲ್ಲಿ ಅಳಿಸುವ ಬದಲು ಪ್ರಿಂಟ್ ಒತ್ತಿಹೋಯಿತು.

ಪಕ್ಕದ ಪ್ರಿಂಟರು ಮಿಸುಕಲಿಲ್ಲ. ಹೊಸ ವೈರು ಚುಚ್ಚಿಕೊಂಡು ಮೊದಲಿನ ಹಾಗೆಯೇ ಸುಮ್ಮನೆ ಕೂತಿತ್ತು.

ಸ್ವಲ್ಪ ಹೊತ್ತಿಗೆ ಮೇಜಿನ ಮೇಲಿನ ಇಂಟರ್‌ಕಾಮ್ ಹೊಡೆದುಕೊಂಡಿತು. ಭಾನುಪ್ರಿಯಾ. "ಮೇಡಂ, ನಿಮ್ಮದೊಂದು ಹಾಳೆ ಇಲ್ಲಿ ಬಂದಿದೆ. ಕಾರ್ಯದರ್ಶಿಗಳು ಅಂತ ಮಾತ್ರ ಇದೆ. ಇಟ್ಕೊಂಡಿರ್ಲಾ?"

ಮಾಲವಿಕಾಳಿಗೆ ಆಗ ಹೊಳೆಯಿತು. ಅವಸರದಲ್ಲಿ ವೈರು ಸಿಕ್ಕಿಸಿ ಹೋದವರು ಕಂಪ್ಯೂಟರಿನೊಳಗಿನ ಏರ್ಪಾಡನ್ನು ಬದಲಾಯಿಸಿರಲಿಲ್ಲ. ಅದು ಇನ್ನೂ ಕೆಳಗಿನ ಮೆಷಿನ್ನಿಗೇ ಹಾಳೆ ಕಳಿಸುತ್ತಿತ್ತು.

"ಭಾನುಪ್ರಿಯಾ, ಸೆಕ್ರೆಟರಿಯವರಿಗೆ ಫೋನ್ ಕೊಡಮ್ಮ."

ವೃಷಭೇಂದ್ರಪ್ಪ ಲೈನಿಗೆ ಬಂದರು. "ಏನ್ ಮೇಡಂ, ಬರೆದಾಯ್ತಾ?"

"ಸರ್, ನೀವೂ ಪ್ರಿನ್ಸಿಪಾಲರೂ ಒಂದು ನಿಮಿಷ ಮೇಲೆ ಬನ್ನಿ. ಒಂದು ವಿಷಯ ಕಣ್ಣಾರೆ ತೋರಿಸ್ತೀನಿ."

"ಎರಡು ಮಹಡಿ ಹತ್ತೋಕೆ ನನಗೆ ಪುರುಸೊತ್ತಿಲ್ಲ ಮೇಡಂ. ಇಲ್ಲಿ ಜನ ಕಾಯ್ತಿದಾರೆ. ನಾನು ಹೇಳಿದ್ದನ್ನ ಬರೆದು ಕಳಿಸಿ."

"ಸರಿ. ನೀವು ಹತ್ತೋದು ಬೇಡ. ಅಲ್ಲೇ ಇರಿ, ಅಲ್ಲಿಗೇ ಕಳಿಸ್ತೀನಿ."

ಅವಳು ಬರೆದದ್ದನ್ನೆಲ್ಲ ಅಳಿಸಿದಳು. ಅಕ್ಷರವನ್ನು ಹಾಳೆ ತುಂಬುವಷ್ಟು ದೊಡ್ಡದು ಮಾಡಿದಳು. 'ಇದನ್ನು ಎರಡನೇ ಮಹಡಿಯ ಪರೀಕ್ಷಾ ಕೊಠಡಿಯಿಂದ ಕಳಿಸುತ್ತಿದ್ದೇನೆ. ಗಣಿತದ ಪ್ರಶ್ನೆಪತ್ರಿಕೆಯೂ ಹೀಗೆಯೇ, ಇಲ್ಲಿಗೇ, ನಿಮ್ಮೆಲ್ಲರ ಮುಂದೆಯೇ ಬಂದಿತ್ತು. ಮೆಷಿನ್ನಿಗೆ ಕೇಬಲ್ ಎಳೆಸಿದವರು ಒಳಗೆ ಕೂತಿದ್ದಾರೆ. ಕೇಳಿ. — ಮಾಲವಿಕಾ.' ಎಷ್ಟು ಪ್ರತಿ ಎಂದು ಕೇಳುವ ಜಾಗದಲ್ಲಿ ದೊಡ್ಡದೊಂದು ಸಂಖ್ಯೆ ಹಾಕಿ ಒತ್ತಿದಳು. ಬಾಗಿಲಿಗೆ ಬೀಗ ಹಾಕಿ, ಬೀಗ ಎಳೆದು ನೋಡಿ, ಕೆಳಗಿಳಿದಳು.

ಕೊನೆಯ ಮೆಟ್ಟಿಲಿನಲ್ಲಿದ್ದಾಗಲೇ ಗದ್ದಲ ಕೇಳಿಸಿತು. ಮೆಷಿನ್ ಒಂದರ ಹಿಂದೊಂದು ಹಾಳೆ ಉಗುಳುತ್ತಿತ್ತು. ತಟ್ಟೆ ತುಂಬಿ ಹಾಳೆಗಳು ನೆಲಕ್ಕೆ ಜಾರುತ್ತಿದ್ದವು. ಜನ ಬಗ್ಗಿ ಬಗ್ಗಿ ಎತ್ತಿಕೊಳ್ಳುತ್ತಿದ್ದರು. ಒಬ್ಬ ದಪ್ಪ ಮೀಸೆಯ ಅಪ್ಪ ಗಟ್ಟಿಯಾಗಿ ಓದಿ ಹೇಳಿದ. ಅಮರೇಶ್ ಓಡಿ ಬಂದು ಮೆಷಿನ್ನಿನ ಹಿಂದಿನ ಕೇಬಲ್ಲನ್ನು ಎಳೆದ. ಆಗಲೇ ಒಳಗೆ ಸೇರಿದ್ದ ಹಾಳೆಗಳು ಬರುತ್ತಲೇ ಇದ್ದವು.

"ಕೀಳ್ಬೇಡಿ ಅದನ್ನ," ಅಂದಳು ಮಾಲವಿಕಾ. ಗುಂಪು ತಾನಾಗಿಯೇ ಅವಳಿಗೆ ದಾರಿ ಬಿಟ್ಟಿತು. "ಈ ಕೇಬಲ್ ಗೋಡೆಯೊಳಗೆ ಹೋಗಿ ಎಲ್ಲಿಗೆ ಹತ್ತುತ್ತೆ ಅಂತ ಎಲ್ಲರೂ ನೋಡ್ಲಿ. ನನ್ನ ರೂಮಿಗೆ ಯಾರು ಬೇಕಾದ್ರೂ ಬನ್ನಿ. ಅಲ್ಲಿ ಪ್ರಿಂಟರಿನ ಹಿಂದೆ ನೆನ್ನೆ ಹಾಕಿದ ಹೊಸ ವೈರಿದೆ. ಅದರ ಮೇಲೆ ಇನ್ನೂ ಅಂಗಡಿಯ ತಂತಿ ಇದೆ. ಯಾಕೆ ಹಾಕಿದ್ರಿ ಅಂತ ಅಮರೇಶ್‌ನ ಕೇಳಿ. ಬೀಗ ಯಾರು ತೆಗೆದ್ರು ಅಂತ ಪ್ರಿನ್ಸಿಪಾಲರನ್ನ ಕೇಳಿ."

ವೃಷಭೇಂದ್ರಪ್ಪ ಗಾಜಿನ ಬಾಗಿಲು ತೆಗೆದು ಹೊರಬಂದರು. "ಮೇಡಂ, ಒಳಗೆ ಬನ್ನಿ, ಮಾತಾಡೋಣ."

"ಒಳಗೆ ಮಾತಾಡಿದ್ದಾಯ್ತು ಸರ್. ನನ್ನ ಮಗೀನ ಅಂಕ ತಡೀತೀನಿ ಅಂದ್ರಿ. ಅದನ್ನ ಇಲ್ಲೇ ಹೇಳಿ."

ಕೈಯಲ್ಲಿ ಹಾಳೆ ಹಿಡಿದ ಒಬ್ಬ ತಾಯಿ ಮುಂದೆ ಬಂದಳು. "ಸರ್, ಅವತ್ತು ನಾನೂ ಇಲ್ಲೇ ಕ್ಯೂನಲ್ಲಿದ್ದೆ. ಈ ಮೇಡಂ ಓಡ್ಬಂದು ಕಸದ ಬುಟ್ಟಿ ಸುರಿದು ಹುಡುಕಿದ್ದನ್ನ ನಾನೇ ನೋಡಿದೀನಿ. ಏನು ಅಂತ ಆಗ ಗೊತ್ತಾಗ್ಲಿಲ್ಲ." ಕೌಂಟರಿನ ಹಿಂದಿನಿಂದ ಭಾನುಪ್ರಿಯಾ, ಯಾರ ಮುಖವನ್ನೂ ನೋಡದೆ, "ಹೌದು, ಒಂದು ಪ್ರತಿ ಇಲ್ಲ ಅಂತ ಅವತ್ತೇ ಕೇಳಿದ್ರು," ಅಂದಳು.

ಅಲ್ಲಿಂದಾಚೆಗೆ ಮಾತಾಡಿದವರು ಪೋಷಕರೇ. ವೃಷಭೇಂದ್ರಪ್ಪನವರ ಬೆಣ್ಣೆಯಂಥ ದನಿ ಯಾರಿಗೂ ಬೇಕಾಗಿರಲಿಲ್ಲ. ಗಣಿತ ಪರೀಕ್ಷೆಯನ್ನು ಹೊಸ ಪತ್ರಿಕೆಯಲ್ಲಿ ಮತ್ತೆ ನಡೆಸುತ್ತೇವೆ, ಇದು ತಾಂತ್ರಿಕ ತೊಂದರೆಯಿಂದ ಆದದ್ದು, ಯಾರ ತಪ್ಪೂ ಅಲ್ಲ ಎಂದು ಅವರು ಹೇಳಿ ಮುಗಿಸಲು ನೋಡಿದರು.

"ಯಾರ ತಪ್ಪೂ ಅಲ್ಲ ಅಂತ ಹೇಗಾಗುತ್ತೆ ಸರ್?" ಅಂದಳು ಮಾಲವಿಕಾ. "ಬೆಳಿಗ್ಗೆ ನನ್ನ ತಪ್ಪಾಗಿತ್ತಲ್ಲ. ಎರಡನೇ ಪಿಯುಸಿ ತರಗತಿಗೆ ಹೋಗಿ, ಅನನ್ಯಳದ್ದು ಏನೂ ತಪ್ಪಿಲ್ಲ ಅಂತ ಎಲ್ಲರ ಮುಂದೆ ಹೇಳಿ. ಅಲ್ಲೀತನಕ ನಾನು ಒಂದು ಪ್ರಶ್ನೆಪತ್ರಿಕೆನೂ ಮುದ್ರಿಸಲ್ಲ."

ವೃಷಭೇಂದ್ರಪ್ಪ ಹೋಗಲಿಲ್ಲ, ವಾಗೀಶನನ್ನು ಕಳಿಸಿದರು. ಮಾಲವಿಕಾ ಅವನ ಹಿಂದೆಯೇ ಹೋಗಿ ತರಗತಿಯ ಬಾಗಿಲ ಹೊರಗೆ ನಿಂತಳು. ಅನನ್ಯ ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ವಾಗೀಶ ಹಲಗೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ. ಪ್ರಶ್ನೆಪತ್ರಿಕೆ ಆಫೀಸಿನ ಮೆಷಿನ್ನಿನಿಂದ ಹೊರಹೋದದ್ದು, ಅದರಲ್ಲಿ ಯಾವ ವಿದ್ಯಾರ್ಥಿಯ ಪಾತ್ರವೂ ಇಲ್ಲ, ಅನನ್ಯಳ ಬಗ್ಗೆ ಹಬ್ಬಿದ ಮಾತು ಸುಳ್ಳು, ಎಂದು ತನ್ನ ಶರ್ಟಿನ ಗುಂಡಿಗೆ ಹೇಳಿದ ಹಾಗೆ ಹೇಳಿದ.

ಅನನ್ಯ ಎದ್ದು ನಿಂತಳು.

"ಸರ್, ಹಿಂದಿನ ಬೆಂಚಿನವರಿಗೆ ಕೇಳಿಸಿಲ್ಲ. ಇನ್ನೊಂದ್ಸಲ ಹೇಳಿ."

ವಾಗೀಶ ಬಾಗಿಲ ಕಡೆ ನೋಡಿದ. ಅಲ್ಲಿ ನಿಂತಿದ್ದ ಮಾಲವಿಕಾ ಕಣ್ಣು ತಗ್ಗಿಸಲಿಲ್ಲ. ಅವನು ಇನ್ನೊಮ್ಮೆ ಹೇಳಿದ. ಈ ಸಲ ಕೊಂಚ ಜೋರಾಗಿ.

ಮಧ್ಯಾಹ್ನ ಕಾರಿಡಾರಿನಲ್ಲಿ ಅಮರೇಶ್ ಅಡ್ಡ ಬಂದ. ಅವನ ಕಣ್ಣು ಕೆಂಪಾಗಿತ್ತು. "ಮೇಡಂ, ವೈರ್ ಹಾಕು ಅಂತ ಸಾಹೇಬ್ರು ಹೇಳಿದ್ರು, ಹಾಕ್ಬುಟ್ಟೆ. ಕೆಲ್ಸ ಹೋಯ್ತದೆ ಅಂದ್ಕೊಂಡೆ. ಮನಸ್ಸಿನಾಗೆ ಇಟ್ಕೋಬೇಡಿ."

"ಇಟ್ಕೋತೀನಿ ಅಮರೇಶ್," ಅಂದಳು ಮಾಲವಿಕಾ. "ಒಂದು ಹುಡುಗಿ ಊಟ ಬಿಟ್ಟಿದ್ಲು. ನಿಮಗೆ ಹೆದರಿಕೆಯಾಯ್ತು ಅಂತ ನನಗೆ ಅರ್ಥವಾಗುತ್ತೆ. ಆದ್ರೆ ಇವತ್ತು ಪರವಾಗಿಲ್ಲ ಅಂತ ಹೇಳೋಕೆ ನನ್ನಿಂದ ಆಗಲ್ಲ. ನಾಳೆನೂ ಆಗುತ್ತೋ ಇಲ್ವೋ."

ಅವನು ಸರಿದು ದಾರಿ ಬಿಟ್ಟ.

ಹೊಸ ಪತ್ರಿಕೆಯನ್ನು ಮುದ್ರಿಸುವ ಮೊದಲು ಅವಳು ಗೋಡೆಯಿಂದ ಬಂದಿದ್ದ ನೀಲಿ ಕೇಬಲ್ಲನ್ನು ತಾನೇ ಕಿತ್ತು ಕಿಟಕಿಯ ಸರಳಿಗೆ ಗಂಟು ಹಾಕಿದಳು. ಕಂಪ್ಯೂಟರಿಗೆ ಪಕ್ಕದ ಪ್ರಿಂಟರನ್ನು ತೋರಿಸಿಕೊಡುವುದು ಹೇಗೆಂದು ಅನನ್ಯ ಹಿಂದಿನ ದಿನ ಮನೆಯಲ್ಲಿ ತನ್ನ ಲ್ಯಾಪ್‌ಟಾಪಿನಲ್ಲಿ ಹೇಳಿಕೊಟ್ಟಿದ್ದಳು, ಕಷ್ಟವೇನಿರಲಿಲ್ಲ. ಮೊದಲ ಹಾಳೆ ಬಿಸಿಬಿಸಿಯಾಗಿ ಕೈಗೆ ಬಂತು. ವೃಷಭೇಂದ್ರಪ್ಪ ಆಮೇಲೆ ಅವಳ ಜೊತೆ ಮಾತಾಡಲಿಲ್ಲ. ಮುಂದಿನ ವರ್ಷಕ್ಕೆ ಉಸ್ತುವಾರಿ ಬೇರೆಯವರದು ಎಂದು ಫಲಕದಲ್ಲಿ ಅಂಟಿಸಿದರು, ಅಷ್ಟೆ. ಕ್ಯಾಂಟೀನಿನಲ್ಲಿ ವಾಗೀಶ ಬಂದು ಕೂತರೆ ಅವಳು ಡಬ್ಬಿ ಮುಚ್ಚಿಕೊಂಡು ಏಳುತ್ತಿದ್ದಳು.

ಮರುಪರೀಕ್ಷೆ ಮುಗಿದ ಮಧ್ಯಾಹ್ನ ಸ್ಕೂಟರಿನ ಹಿಂದೆ ಕೂತ ಅನನ್ಯ ಹೇಳಿದಳು, "ಸಿಂಚನ ಇವತ್ತು ಬಂದು ಪಕ್ಕದಲ್ಲಿ ಕೂತ್ಕೋತೀನಿ ಅಂದ್ಲು ದೊಡ್ಡಮ್ಮ. ನಾನು ಬೇಡ ಅಂದೆ. ತಪ್ಪಾ?"

ಹೋಗ್ಲಿ ಬಿಡಮ್ಮ, ಚಿಕ್ಕ ಹುಡುಗಿ, ಅವರಮ್ಮ ಹೇಳಿದ್ದಕ್ಕೆ ಹಾಗೆ ಮಾಡಿದಳು, ಎಂದು ಹೇಳುವುದು ದೊಡ್ಡವಳ ಧರ್ಮ. ಆ ಮಾತು ಮಾಲವಿಕಾಳ ನಾಲಿಗೆಯ ತುದಿಗೆ ಬಂದು ನಿಂತಿತು.

"ನಿಂಗೆ ಯಾವಾಗ ಕೂರಿಸ್ಕೋಬೇಕು ಅನ್ಸುತ್ತೋ ಆಗ ಕೂರಿಸ್ಕೋ," ಅಂದಳು. "ಅನ್ನಿಸದಿದ್ರೆ ಬೇಡ. ಸರಿಯಾಗಿ ಹಿಡ್ಕೋ, ಮುಂದೆ ಹಂಪ್ ಇದೆ."